ಬೆರಳು ತಿಂದ ಮದ್ದು

ಬಿಳಿಗಿರಿರಂಗನ ಬೆಟ್ಟ, ಗುರುವಾರ

ಪ್ರೀತಿಯ ದೊಡ್ಡಮ್ಮ,

ಇಲ್ಲಿನ ಚಳಿಗೆ ನೀನು ಕೊಟ್ಟ ಉಣ್ಣೆಯ ಶಾಲೇ ಗತಿ; ಆರಾಮವಾಗಿದ್ದೇನೆ. ನಾಲಿಗೆಯ ಮೇಲಿಟ್ಟರೆ ನೀರಿಲ್ಲದೆ ಕರಗುವ ನಮ್ಮ ಔಷಧದ ತೆಳು ಹಾಳೆಯನ್ನು, ಮದ್ದು ಬೆರೆಸದೆ ಪರೀಕ್ಷೆಗಷ್ಟೇ, ನಿನ್ನೆ ಇಲ್ಲಿನ ಕಾಡಿನ ಸೋಲಿಗರ ಪೋಡಿನ, ಅಂದರೆ ಅವರ ಹಾಡಿಯ, ಹಿರಿಯರಿಗೆ ಕೊಟ್ಟೆವು. ಜವರಮ್ಮ ಎಂಬ ಅಜ್ಜಿ ಮೊದಲು ಹೋಗಿ ಕೈ ತೊಳೆದು ಬಂದರು. ಒದ್ದೆ ಬೆರಳಿಗೆ ಅಂಟಿದ ಹಾಳೆ ಅಲ್ಲೇ ಕರಗಿಹೋಯಿತು.

“ಬಾಯ್ಗಿಂತ ಮೊದ್ಲು ಬೆಳ್ಳೇ ತಿನ್ಕಬುಡ್ತು ಕಣವ್ವ!” ಎಂದು ನಕ್ಕರು.

ಎರಡು ವರ್ಷ ಲ್ಯಾಬಿನಲ್ಲಿ ಒಣ ಗ್ಲೌಸ್ ಹಾಕಿಕೊಂಡು ಬೀಗುತ್ತಿದ್ದ ನನ್ನ ಮುಖ ನೀನು ನೋಡಬೇಕಿತ್ತು! ಅಜ್ಜಿಯೇ ಇನ್ನೊಂದು ಪೊಟ್ಟಣವನ್ನು ಅಗಲಕ್ಕೆ ಬಿಡಿಸಿ, ಹಾಳೆಯನ್ನು ನೇರ ನಾಲಿಗೆಯಿಂದಲೇ ಎತ್ತಿಕೊಂಡರು. “ಎಲೆ ಮ್ಯಾಲಿನ ಜೇನ್ಗೆ ಬೆಳ್ಳು ಯಾಕವ್ವ?”

ಇನ್ನು ನಮ್ಮ ಪೊಟ್ಟಣ ಎಲೆಯಂತೆಯೇ ಬಿಚ್ಚಿಕೊಳ್ಳಬೇಕು, ಮಾಡಿಯೇ ತೀರುತ್ತೇನೆ. ಅದು ಬರುವ ತನಕ, ಗಂಟಲಲ್ಲಿ ಸಿಕ್ಕಿಕೊಳ್ಳುವ ನಿನ್ನ ಆ ಮಾತ್ರೆಯನ್ನು ಡಾಕ್ಟರು ಹೇಳಿದಂತೆ ಪುಡಿ ಮಾಡಿಯೇ ತೆಗೆದುಕೋ. ನೀನೂ ಕೈ ತೊಳೆದು, ಒರೆಸದೆ ಮಾತ್ರೆ ಮುಟ್ಟುವವಳೇ. ಒರೆಸಬೇಡ, ನಾವು ಪೊಟ್ಟಣವನ್ನೇ ಬದಲಾಯಿಸುತ್ತೇವೆ.

ನಿನ್ನ ನೀಲಾ