ಜೋಡಿಗೆ ಮಾತ್ರ ಮನೆ

ಬಾಳೂರು
ಡಿಸೆಂಬರ್ 14, 2024

ಪ್ರೀತಿಯ ಮೋನಿ,

ಹೇಗಿದ್ದೀಯಾ? ನಿನ್ನ ಮದುವೆಯಾದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ನಿನ್ನ ಅತ್ತೆ ಎತ್ತುತ್ತಾರೆ. ರಾಮಮ್ಮ ನಾಳೆ ಸಂಸೆ ಕಡೆ ಕಾಫಿ ಕುಯ್ಲಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿಮ್ಮಮ್ಮ ಆರೋಗ್ಯವಾಗಿದ್ದಾರೆ. ನನ್ನ ಪಕ್ಕದ ಸಾಲಿನಲ್ಲೇ ಹಣ್ಣು ಕುಯ್ಯುತ್ತಾರೆ, ಮುಖ ಮಾತ್ರ ನೋಡುವುದಿಲ್ಲ.

ಹೋಗುವ ದಿನ ನೀನು, "ಒಂದು ಮನೆ ಮಾಡು ಯಶೋದಾ, ಬಂದುಬಿಡ್ತೀನಿ" ಅಂದಿದ್ದೆ. ಎಸ್ಟೇಟಿನ ಆಳುಗಳ ಲೈನಿನಲ್ಲಿ ಕೊನೆಯ ಮನೆ ಖಾಲಿಯಾಗಿದೆ. ಬೆಳಿಗ್ಗೆ ಹಾಜರಿ ಬರೆಯುತ್ತಿದ್ದಾಗ ಎಲ್ಲರೆದುರೇ ರೈಟರ್ ರಂಗನಾಥರನ್ನು ಕೇಳಿದೆ.

"ಲೈನ್ ಮನೆ ಜೋಡಿ ಆಳಿಗೆ ಮಾತ್ರ ಮಾರಾಯ್ತಿ. ಗಂಡ ಎಲ್ಲಿ?" ಅಂದರು.

"ನಾನೂ ಮೋನಿಕಾನೂ ಜೋಡಿ ಸಾರ್. ಇಬ್ರೂ ಕೆಲಸಕ್ಕೆ ಬರ್ತೀವಿ" ಅಂದೆ. ಫೋನ್ ತೆಗೆದು ನಾವಿಬ್ಬರೂ ಆಡುವ ತೋಟದ ಆಟ ತೋರಿಸಿದೆ. ನಿನ್ನ ಗೊಂಬೆ, ನನ್ನ ಗೊಂಬೆ, ಮದುವೆಯಾಗಿ ಕಟ್ಟಿದ ಮನೆ. "ಚಿಕ್ಕ ಮಕ್ಕಳೂ ಆಡ್ಬೌದು ಅಂತ ಬರ್ದಿದೆ ನೋಡಿ. ತಪ್ಪಾಗಿದ್ರೆ ಮಕ್ಕಳ ಕೈಗೆ ಕೊಡ್ತಿದ್ರಾ?"

"ಹಂಗಾರೆ ಆ ಫೋನೊಳಗೇ ಹೋಗಿ ಸಂಸಾರ ಮಾಡು."

ಎಲ್ಲರೂ ನಕ್ಕರು. ಗಿಡ್ಡಮ್ಮಜ್ಜಿ ಮಾತ್ರ ಫೋನಿಗೆ ಕಣ್ಣು ಹತ್ತಿರ ತಂದು, "ಇಲ್ಲಿ ಅಡುಗೆ ಯಾರು ಮಾಡದು ಮಗಾ?" ಎಂದು ಕೇಳಿದರು. ಇಬ್ಬರೂ ಅಂದೆ. "ಹಂಗಾದ್ರೆ ಒಳ್ಳೇದೇ ಬಿಡು" ಅಂದರು.

ನಕ್ಕಿದ್ದಕ್ಕೆ ನನಗೆ ನೋವಾಗಲಿಲ್ಲ. ನನಗೆ ಕರಪತ್ರ ಕೊಟ್ಟು ಓದು ಹತ್ತಿಸಿದ ಕೂಲಿ ಸಂಘದ ಬಸವರಾಜಣ್ಣ ಅಲ್ಲೇ ನಿಂತಿದ್ದರು. "ಇದು ಕೂಲಿ ವಿಷಯ ಅಲ್ಲ ಯಶೋದಾ, ಸುಮ್ನಿರು" ಅಂದರು. ಆ ಕರಪತ್ರಗಳಲ್ಲಿ "ಎಲ್ಲರೂ ಸಮಾನರು" ಎಂದು ದಪ್ಪಕ್ಷರದಲ್ಲಿದೆ. ಎಲ್ಲರೂ ಅಂದರೆ ಯಾರ್ಯಾರು ಅಣ್ಣ ಎಂದು ಕೇಳಿದೆ. ಬೀಡಿ ಹಚ್ಚಿಕೊಂಡು ಆಚೆ ಹೋದರು.

ಹೋಗಲಿ. ಲೈನ್ ಮನೆ ಬೇಡ. ಕಳಸದಲ್ಲಿ ಒಬ್ಬ ಟೈಲರಮ್ಮ ಅಂಗಡಿಯ ಹಿಂದಿನ ಕೋಣೆ ಕೊಡುತ್ತೇನೆ ಅಂದಿದ್ದಾರೆ. ಯಾರು ಇರುತ್ತೀರಿ ಎಂದು ಕೇಳಿದರು, ನಾವಿಬ್ಬರು ಅಂದೆ, ಮುಂದೆ ಕೇಳಲಿಲ್ಲ. ನೀನು ತಪ್ಪು ಮಾಡಿಲ್ಲ ಮೋನಿ. ಯಾರಿಗೂ ತಲೆ ತಗ್ಗಿಸಬೇಡ. ರಾಮಮ್ಮನ ಹತ್ತಿರ "ಹೂಂ" ಅಂತ ಒಂದು ಮಾತು ಹೇಳಿ ಕಳಿಸು, ಜೀಪು ಹತ್ತಿ ನಾನೇ ಬರುತ್ತೇನೆ.

ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನವಳೇ,
ಯಶೋದಾ

ತಾ.ಕ.: ಕಾಗದ ಮಡಿಸುವ ಮುಂಚೆ ಆಟ ತೆರೆದೆ. ಇಬ್ಬರ ಫೋನಿನಲ್ಲೂ ಒಂದೇ ತೋಟವಲ್ಲವೇ, ನೀನು ಬಂದು ಹೋಗಿದ್ದು ಗೊತ್ತಾಯಿತು. ಗಿಡಗಳಿಗೆಲ್ಲ ನೀರು ಹಾಕಿದ್ದೀಯ. ಮನೆ ಹಾಗೇ ಇದೆ, ಬಾಗಿಲಲ್ಲಿ ನಿನ್ನ ಗೊಂಬೆಯೂ ಇದೆ. ಪಕ್ಕದಲ್ಲಿ ನನ್ನ ಗೊಂಬೆಗೆ ಜಡೆ ಇಲ್ಲ. ಪ್ಯಾಂಟು ಹಾಕಿದ್ದೀಯ, ಮೀಸೆ ಇಟ್ಟಿದ್ದೀಯ. ತಲೆಯ ಮೇಲೆ ನಿನ್ನ ಗಂಡನ ಹೆಸರು, ಬಾಲರಾಜ್. ನಿನ್ನ ಅತ್ತೆ ಮನೆಯ ಮಕ್ಕಳು ನೋಡುತ್ತಾರೆಂದು ಮಾಡಿದೆಯಾ? ಅದು ಮಕ್ಕಳ ಆಟವೇ ಆಗಿತ್ತಲ್ಲ ಮೋನಿ.