ಕ್ಲಚ್ಚಿನ ಕಾಲು

ಜೂನ್ 4, ಬೆಳಿಗ್ಗೆ

ಮತ್ತೆ ಕರೆಂಟಿನ ಪ್ಯಾಡ್ ಅಂಟಿಸಿದ್ದಾಯಿತು. ಸೊಂಟದ ಮೇಲೆ, ಬೆನ್ನುಹುರಿಯ ಎರಡೂ ಪಕ್ಕ. ತಣ್ಣಗೆ, ಹಲ್ಲಿ ಕೂತ ಹಾಗೆ. ಯಜಮಾನರು ಯಂತ್ರದ ಗುಂಡಿ ಒತ್ತಿದರು. ಮಂಡಿಗೆ ಕಟ್ಟಿದ ಬ್ರೇಸಿನೊಳಗೆ ಎಡಗಾಲು ತನ್ನ ಪಾಡಿಗೆ ಅದುರಿತು. ಥೂ. ಗೋಡೆ ಕಡೆ ಮುಖ ತಿರುಗಿಸಿದೆ.

ಸ್ಟ್ರೆಚರ್ ಕಾಲ ಮೇಲೆ ಬಿದ್ದು ಮುರಿದ ಮಂಡಿ ಕೂಡುವವರೆಗೆ ಕಾಲು ಮಡಚುವ ಹಾಗಿಲ್ಲ. ಸುಮ್ಮನೆ ಬಿಟ್ಟರೆ ಮಾಂಸಖಂಡ ಸೊರಗುತ್ತದಂತೆ. ಅದಕ್ಕೆ ನರದ ಬುಡಕ್ಕೇ ಕರೆಂಟು. ಹೊಸ ಪ್ರಯೋಗ, ಗ್ಯಾರಂಟಿ ಕೊಡಲ್ಲ ಅಂದಿದ್ದರು ಡಾಕ್ಟರು. ಆದರೂ ಒಪ್ಪಿದೆ. ಆಂಬುಲೆನ್ಸಿನ ಕ್ಲಚ್ಚು ಒತ್ತುವ ಕಾಲು ಇದು. ಇದು ಕೈಕೊಟ್ಟರೆ ನನ್ನನ್ನು ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕುರ್ಚಿಗೆ ಹಾಕುತ್ತಾರೆ. ಸತ್ತರೂ ಬೇಡ.

ಜೂನ್ 9

ಬ್ರೇಸ್ ಬಿಚ್ಚಿ ಒರೆಸಿದರು. ವಾಸನೆ — ಒದ್ದೆ ಸಾಕ್ಸ್ ಬಕೆಟ್ಟಿನಲ್ಲೇ ಮರೆತ ಹಾಗೆ. ಸತ್ತ ಚರ್ಮ ಹೊಟ್ಟಿನಂತೆ ಉದುರಿತು. ತೊಡೆ ಅಂತ ಇದ್ದದ್ದು ಜೋತುಬಿದ್ದಿದೆ. ಗಾಡಿಯಲ್ಲಿ ಯಾರ್ಯಾರದೋ ರಕ್ತ, ವಾಂತಿ ತೊಳೆದವಳು. ಒಂದು ದಿನವೂ ಮೂಗು ಮುಚ್ಚಿದವಳಲ್ಲ. ನನ್ನದೇ ಕಾಲಿಗೆ ಮೂಗು ಮುಚ್ಚಿದೆ. ಯಜಮಾನರು ಮಾತ್ರ ಹಾಡು ಗುನುಗುತ್ತ, ಕೂಸನ್ನು ಮೀಯಿಸುವ ಹಾಗೆ ಒರೆಸಿದರು. ಅದನ್ನು ಕಂಡರೆ ಇನ್ನೂ ಮೈ ಉರಿಯುತ್ತದೆ.

ಜೂನ್ 13, ಸಂಜೆ

ಅತ್ತೆಗೆ ನನ್ನ ಕಾಲು ಒಂದು ತಮಾಷೆ. ಪಕ್ಕದ ಮನೆಯಾಕೆಯನ್ನು ಕರೆತಂದು, ಬಿಸ್ಕತ್ತು ಕೊಟ್ಟು ಕೂರಿಸಿ, ಯಜಮಾನರ ಕೈಲಿ ಗುಂಡಿ ಒತ್ತಿಸಿದರು. ಕಾಲು ಕುಣಿಯಿತು. ಆಕೆ ಚಪ್ಪಾಳೆ ತಟ್ಟಿದಳು. "ನೋಡಿದ್ಯಾ, ಅವಳು ಮಲಗಿದ್ರೂ ಕಾಲು ದುಡೀತಿದೆ" ಅಂದರು ಅತ್ತೆ.

ಕೋತಿ ಕುಣಿಸುವವರು ಕೋತಿಗೆ ಬಾಳೆಹಣ್ಣಾದರೂ ಕೊಡುತ್ತಾರೆ. ಇಲ್ಲಿ ನೋಡಲು ಬಂದವರಿಗೆ ಬಿಸ್ಕತ್ತು.

ಯಾರದೋ ಕಾಲು ನನ್ನ ಹಾಸಿಗೆಯಲ್ಲಿದೆ ಅನ್ನಿಸುತ್ತದೆ. ನನ್ನನ್ನು ಕೇಳದೆ, ಗುಂಡಿ ಹೇಳಿದ ಹಾಗೆ ಕುಣಿಯುತ್ತದೆ. ಹೇಸಿಗೆ.

ಜೂನ್ 28

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ಇವತ್ತು ಫಿಸಿಯೋ ಬಂದಿದ್ದಳು. ಆಸ್ಪತ್ರೆಯಲ್ಲಿ ಮೊದಲ ದಿನ ಯಂತ್ರ ಕಲಿಸಿಕೊಟ್ಟವಳು. ಕರೆಂಟು ಬಿಟ್ಟಳು, ಎಂದಿನಂತೆ ಗೋಡೆ ಕಡೆ ತಿರುಗಿದೆ. ತಟ್ಟನೆ ಯಂತ್ರ ನಿಲ್ಲಿಸಿದಳು.

"ಅಕ್ಕಾ, ನೀವು ಒತ್ತುತ್ತಾ ಇಲ್ವಾ?"

ಏನನ್ನು, ಅಂದೆ. ಕರೆಂಟು ಬಂದಾಗಲೆಲ್ಲ ಕಾಲು ನೋಡಿಕೊಂಡು ನಾನೂ ಪಾದ ಒತ್ತಬೇಕಿತ್ತಂತೆ. ಯಂತ್ರ ನರವನ್ನು ಎಬ್ಬಿಸುತ್ತದೆ ಅಷ್ಟೇ, ಕೆಲಸ ಹೇಳಬೇಕಾದವಳು ನಾನಂತೆ. ಮೊದಲ ದಿನವೇ ಹೇಳಿದ್ದಳಂತೆ. ಹೇಳಿರಬಹುದು. ಅವತ್ತೂ ಗೋಡೆ ನೋಡುತ್ತಿದ್ದೆ.

ಖಂಡ ಅಷ್ಟೇನೂ ಕರಗಿಲ್ಲ ಅಂದಳು, ಹಿಡಿದು ನೋಡಿ. ಆದರೆ ಕಾಲು ನಿಮ್ಮ ಮಾತು ಕೇಳುವುದನ್ನು ಮರೆತಿರಬಹುದು ಅಂದಳು. ನನಗೆ ನನ್ನ ಮುಖಕ್ಕೇ ಉಗಿಯಬೇಕೆನಿಸಿತು. ಅಸಹ್ಯ ಪಟ್ಟುಕೊಂಡೇ ಇಷ್ಟು ದಿನ ಹಾಳು ಮಾಡಿದೆನಲ್ಲ.

ಜುಲೈ 2

ಕಣ್ಣು ಬಿಟ್ಟು ನೋಡುತ್ತ ಒತ್ತುತ್ತಿದ್ದೇನೆ. ಮುಖ ತಿರುಗಿಸಬೇಕೆನಿಸುತ್ತದೆ, ತಿರುಗಿಸುವುದಿಲ್ಲ. ಕರೆಂಟು ಹರಿಯುವಾಗ ಪಾದ ಅಲುಗುತ್ತದೆ. ಅದರಲ್ಲಿ ಯಂತ್ರದ್ದೆಷ್ಟು, ನನ್ನದೆಷ್ಟು... ದೇವರೇ ಬಲ್ಲ. ಸೂಪರ್‌ವೈಸರ್ ಫೋನ್ ಮಾಡಿ ಬೆಣ್ಣೆಯಂಥ ದನಿಯಲ್ಲಿ, ಫೋನಿನ ಕುರ್ಚಿ ಖಾಲಿಯಾಗಿದೆ, ಅವಸರವೇನಿಲ್ಲ ಅಂದ. ಅವನ ಕನಿಕರಕ್ಕಿಷ್ಟು ಬೆಂಕಿ ಬೀಳಲಿ.

ಜುಲೈ 11, ಬೆಳಿಗ್ಗೆ

ನಿನ್ನೆ ಬ್ರೇಸ್ ತೆಗೆದರು. ಮೂಳೆ ಕೂಡಿದೆ. ಇವತ್ತು ಪ್ಯಾಡ್ ಬೇಡ, ಹಾಗೇ ನೋಡೋಣ ಅಂದೆ. ಮಂಚದ ಅಂಚಿಗೆ ಕೂತೆ. ಯಜಮಾನರು ನೆಲದ ಮೇಲೆ ಕೂತು ಅಂಗಾಲಿಗೆ ಅಂಗೈ ಕೊಟ್ಟರು. ಇದೇ ಕ್ಲಚ್ಚು ಅಂದುಕೋ ಅಂದರು.

ಒತ್ತಿದೆ. ಹಲ್ಲು ಕಚ್ಚಿ ಒತ್ತಿದೆ. ದವಡೆ ನೋಯಿತು. ಬೆವರು ಕಣ್ಣಿಗಿಳಿಯಿತು.

ಅವರು ಕಾಯುತ್ತ ಕೂತರು. ಆಮೇಲೆ ತಲೆಯೆತ್ತಿ, ಧೈರ್ಯ ಹೇಳುವವರಂತೆ ನಕ್ಕು, "ಹೂಂ, ಇನ್ನು ಶುರು ಮಾಡು" ಅಂದರು.

ನಾನು ಆಗಿನಿಂದ ಒತ್ತುತ್ತಲೇ —