ಮೂರೇ ಔಟು

ಸಾನ್ ಪೆದ್ರೊ ದೆ ಮಕೊರಿಸ್
ಜನವರಿ ೯, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗ ಎರಿಬೆರ್ತೊಗೆ,

ಮೊಣಕೈ ಹೇಗಿದೆ? ಆಪರೇಷನ್ ಆದ ಜಾಗ ಬೆಳಿಗ್ಗೆ ಎದ್ದಾಗ ಬಿಗಿಯುತ್ತದೆಯೇ? ನಿಜ ಹೇಳು. ನಿನ್ನೆ ನಿನ್ನ ನೂರಿಸ್ ಅತ್ತೆ ಬಾನಿಯಿಂದ ಫೋನ್ ಮಾಡಿ, "ದಿನಾ ಎಂಬತ್ತು ಚೆಂಡು ಎಸೀತಾನೆ ಕಣೋ, ಊಟಕ್ಕೆ ಕರೆದ್ರೂ ಬರಲ್ಲ" ಎಂದಳು. ಡಾಕ್ಟರು ಇಪ್ಪತ್ತಕ್ಕಿಂತ ಹೆಚ್ಚು ಬೇಡವೆಂದದ್ದು ಮರೆತೆಯಾ? ಇನ್ನೊಮ್ಮೆ ಹರಿದರೆ ಹೊಲಿಯಲು ಏನೂ ಉಳಿದಿರುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಪೂರ್ತಿ ಕೇಳುವುದಿಲ್ಲ, ಥೇಟ್ ನಿನ್ನ ಅಮ್ಮ. ಅದಕ್ಕೇ ಬಸ್ ಓಡಿಸುವ ವಿಲ್ಕಿನ್ ಕೈಯಲ್ಲಿ ಈ ಕಾಗದ.

ಇಲ್ಲಿ ಭಾನುವಾರ ಗೆಲ್ಲದಿದ್ದರೆ ನಮ್ಮ ಬೇಸ್‌ಬಾಲ್ ತಂಡ ಮನೆಗೆ. ಚೆಂಡೆಸೆಯುವ ಒಳ್ಳೆಯ ಪಿಚರ್‌ಗಳಿಬ್ಬರು ಮೆಕ್ಸಿಕೊ ಸೇರಿಕೊಂಡರು. ಪಿಚರ್‌ಗಳ ಕೋಚ್ ಅಂತ ನನ್ನನ್ನು ಇಟ್ಟುಕೊಂಡಿದ್ದಾರಲ್ಲ, ಒಂದು ಉಪಾಯ ಹೇಳಿದೆ. ಒಬ್ಬನೇ ಆರೇಳು ಇನ್ನಿಂಗ್ಸ್ ಎಳೆಯುವ ಹಳೆಯ ಪದ್ಧತಿ ಬಿಟ್ಟು, ಆಟದ ಒಂಬತ್ತು ಇನ್ನಿಂಗ್ಸನ್ನೂ ಐದು ಜನರಿಗೆ ಹಂಚೋಣ. ಎದುರಾಳಿಯ ಬಲವಾದ ಬ್ಯಾಟುಗಾರರು ಬರುವುದೇ ಮೊದಲಿಗೆ. ಅವರ ಮುಂದೆ ನಮ್ಮ ಅತಿ ವೇಗದವನು ಒಂದೇ ಇನ್ನಿಂಗ್ಸ್ ಎಸೆದು ಇಳಿಯಲಿ, ಆಮೇಲೆ ಇಬ್ಬರು ಮೂರು ಮೂರು, ಕೊನೆಗಿಬ್ಬರು ಒಂದೊಂದು. ಮ್ಯಾನೇಜರ್ ದೊನ್ ಎಲಿಹಿಯೊ ಟೋಪಿ ತೆಗೆದು ಮೇಜಿಗೆ ಬಡಿದರು. "ಬಾಗಿಲು ತೆಗೆದು ಹೋಗೋಕೆ ಅವನೇನು ಕಾವಲುಗಾರನಾ, ಫೌಸ್ತೊ? ಜನ ಮುಖಕ್ಕೆ ಉಗೀತಾರೆ!" ಎರಡು ದಿನ ಹಟ ಹಿಡಿದು ಒಪ್ಪಿಸಿದೆ. ಈ ಉಪಾಯ ತಂಡಕ್ಕೋ ಮಗನಿಗೋ ಎಂದೂ ಕೇಳಿದರು. ತಂಡಕ್ಕೇ ಎಂದೆ, ಕಣ್ಣು ಮಾತ್ರ ತಪ್ಪಿಸಿದೆ.

ಅತ್ತೆಗೆ ನನ್ನ ನೆನಪು ಹೇಳು. ನೀನು ಕೇಳುವ ಮೊದಲೇ ಆಶೀರ್ವಾದ ಕಳಿಸಿದ್ದೇನೆ, ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಫೌಸ್ತೊ

ತಾ.ಕ.: ವಿಲ್ಕಿನ್ ಹಾರ್ನ್ ಹೊಡೆಯುತ್ತಿದ್ದಾನೆ, ಹೇಳಬೇಕಾದದ್ದೇ ಉಳಿಯಿತು. ಭಾನುವಾರದ ಆಟಕ್ಕೆ ನೀನೇ ಅಬ್ರಿದೋರ್, ಆಟ ತೆರೆಯುವವನು, ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಆಟ ಶುರುಮಾಡಿ ಸುಸ್ತಾಗುವ ತನಕ ಎಸೆಯುವವನಿಗೂ ಅದೇ ಹೆಸರು, ಒಂದೇ ಇನ್ನಿಂಗ್ಸ್ ಎಸೆದು ಇಳಿಯುವವನಿಗೂ ಈಗ ಅದೇ ಹೆಸರು. ನಾನು ಹೇಳಿದ್ದು ಎರಡನೆಯದು. ನಿನ್ನ ದನಿಯಲ್ಲಿನ ಖುಷಿ ಕೇಳಿ ತಿದ್ದಲು ಬಾಯಿ ಬರಲಿಲ್ಲ, ತಪ್ಪು ನನ್ನದೇ. ನಿನಗೆ ಒಂದೇ ಇನ್ನಿಂಗ್ಸ್, ಅಂದರೆ ಮೂರೇ ಔಟು; ಅದಕ್ಕೆ ದಿನಾ ಎಂಬತ್ತು ಚೆಂಡು ಬೇಕಿಲ್ಲ. ಇವತ್ತಿನಿಂದ ಅಭ್ಯಾಸ ನಿಲ್ಲಿಸು. ಮೂರನೆಯ ಔಟಾಗಿ ನೀನು ಬೆಂಚಿಗೆ ಬಂದಾಗ ನಾನು ಕೈ ಚಾಚುತ್ತೇನೆ. ಕೋಚ್ ಕೈ ಕುಲುಕಿದರೆ ಅವತ್ತಿಗೆ ಮುಗಿಯಿತೆಂದು ನಿನಗೆ ಗೊತ್ತು. ಕೈ ಬೆನ್ನ ಹಿಂದೆ ಬಚ್ಚಿಡಬೇಡ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಬಚ್ಚಿಟ್ಟುಕೊಂಡೆ, ಇನ್ನೆರಡು ಇನ್ನಿಂಗ್ಸ್ ಎಸೆದೆ. ಆ ಕೈಯಿಂದ ಇವತ್ತಿಗೂ ನನಗೆ ತಲೆ ಬಾಚಿಕೊಳ್ಳಲಾಗುವುದಿಲ್ಲ.